ಇಂಟರ್ವಲ್ ಮಾಮ

ನಮ್ಮ ಮುಲುಂಡಿನ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟರೆ ಸೆಕ್ರೆಟರಿಯನ್ನು ಕೇಳಬೇಕು, ನೀರು ಬರದಿದ್ದರೆ ವಾಚ್‌ಮನ್‌ನನ್ನು ಕೇಳಬೇಕು. ಸಿನಿಮಾ ಹೇಗಿದೆ ಎಂದು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಬಿ ವಿಂಗಿನ ಮೂರನೇ ಮಾಳಿಗೆಯ ಮಾಮ ತಾವಾಗಿಯೇ ಹೇಳುತ್ತಾರೆ. ಅದೂ ಸಿನಿಮಾ ಮುಗಿದ ಮೇಲಲ್ಲ, ಇಂಟರ್ವಲ್‌ನಲ್ಲಿ. ಒಂದು ಕೈಯಲ್ಲಿ ಸಮೋಸ, ಇನ್ನೊಂದು ಕೈಯಲ್ಲಿ ತೀರ್ಪು. ಹೀಗಾಗಿ ಅವರಿಗೆ ಇಂಟರ್ವಲ್ ಮಾಮ ಎಂದೇ ಹೆಸರು ನಿಂತುಬಿಟ್ಟಿದೆ.

“ಪೂರ್ತಿ ನೋಡಿ ಆಮೇಲೆ ಹೇಳಬಾರದೇ ಮಾಮ?” ಎಂದು ಒಮ್ಮೆ ಕೇಳಿದ್ದೆ.

“ಅನ್ನ ಬೆಂದಿದೆಯಾ ಅಂತ ನೋಡ್ಲಿಕ್ಕೆ ಇಡೀ ಹಂಡೆ ಉಣ್ಬೇಕಾ ಮಾರಾಯ? ಒಂದು ಅಗುಳು ಸಾಕು.”

ಮಾಮನ ಹತ್ತಿರ ತೀರ್ಪುಗಳು ನಾಲ್ಕೇ. ಮೂರನ್ನು ಮುಂಬೈ ಕೊಟ್ಟಿದೆ: ಪೈಸಾ ವಸೂಲ್, ಟೈಂಪಾಸ್, ಬಕ್ವಾಸ್. ನಾಲ್ಕನೆಯದು ಊರಿನಿಂದ ತಂದದ್ದು: ಪರವಾಗಿಲ್ಲ. ಇದು ಅವರ ಭಾರತರತ್ನ. ಸುಲಭಕ್ಕೆ ಯಾರಿಗೂ ಸಿಕ್ಕುವುದಿಲ್ಲ. ಮದುವೆಗೆ ಹೆಣ್ಣು ನೋಡಿ ಬಂದ ದಿನ ಒಮ್ಮೆ ಆ ಮಾತು ಹೇಳಿದ್ದರಂತೆ. ಮಾಮಿ ಅದನ್ನು ಇವತ್ತಿಗೂ ನೆನಪಿಟ್ಟುಕೊಂಡಿದ್ದಾರೆ, ಕ್ಷಮಿಸಿದ್ದಾರೆಯೇ ಎಂಬುದು ಬೇರೆ ವಿಷಯ.

ಇಂಥವರು ಮುಂಬೈಯಲ್ಲಿ ಕಟ್ಟಡಕ್ಕೊಬ್ಬರಂತೆ ಸಿಗುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ನಾಟಕಕ್ಕೆ ಹೋಗಿ, ಸಂಘದ ವಿಚಾರಗೋಷ್ಠಿಗೆ ಹೋಗಿ, ಮದುವೆಯ ಪಂಕ್ತಿಗೆ ಹೋಗಿ, ಎರಡನೇ ಸಾಲಿನಿಂದ ತಿರುಗಿ ಹಿಂದಿನವರಿಗೆ ಅಭಿಪ್ರಾಯ ಕೊಡುವವರು ಇವರೇ. ಮಾಟುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಇವರ ಅಭಿಪ್ರಾಯ ಯಾವ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲ.

ಮಾಮನ ವಿದ್ಯೆಯೇನು ಕಡಿಮೆಯಲ್ಲ. ದಕ್ಷಿಣದ ಸಿನಿಮಾಗಳನ್ನು ಮಾಟುಂಗದ ಅರೋರಾ ಥೇಟರಿನಲ್ಲಿ ಅರೆದು ಕುಡಿದವರು. ಇಂಗ್ಲಿಷ್ ಸಿನಿಮಾಕ್ಕೆ ಕೊಲಾಬಾದ ರೀಗಲ್. 1933ರಲ್ಲಿ ಲಾರೆಲ್–ಹಾರ್ಡಿ ಜೋಡಿಯ ಸಿನಿಮಾದೊಂದಿಗೆ ಬಾಗಿಲು ತೆರೆದ ಥೇಟರು ಅದು. ಎಪ್ಪತ್ತರ ದಶಕದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಮಾಮ. ರಜೆ ಸಿಕ್ಕ ದಿನ ಇಂಗ್ಲಿಷ್ ಕಲಿಯಲಿಕ್ಕೆಂದು ರೀಗಲ್ಲಿಗೆ ನುಗ್ಗುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಬಾಯಿಯೊಳಗೇ ನುಂಗುವ ಬಿಳಿಯರ ಮಾತು ಅರ್ಥವಾಗುವುದಿಲ್ಲ. ಆದರೂ ಎಲ್ಲಿ ನಗಬೇಕೆಂದು ಅವರಿಗೆ ಗೊತ್ತಾಗುತ್ತಿತ್ತು. ಹೇಗೆ?

“ಬಾಲ್ಕನಿಯಲ್ಲಿ ಪಾರ್ಸಿಗಳು ಕೂರ್ತಿದ್ರು. ಅವರು ನಕ್ಕ ಕೂಡ್ಲೇ ನಾನು ನಗ್ತಿದ್ದೆ.”

ಒಂದು ಸೆಕೆಂಡ್ ಲೇಟು, ಅಷ್ಟೇ. ಹೀಗೆ ಪಾರ್ಸಿಗಳ ಬೆನ್ನು ಹಿಡಿದು ಮಾಮ ಹತ್ತು ವರ್ಷ ಬ್ರಿಟಿಷ್ ಹಾಸ್ಯವನ್ನು ಆಸ್ವಾದಿಸಿದರು. ರಾತ್ರಿ ಶಾಲೆ ಮುಗಿಯಿತು, ಬ್ಯಾಂಕಿನಲ್ಲಿ ಗುಮಾಸ್ತಿಕೆ ಸಿಕ್ಕಿತು, ಮನೆಗೆ ವಿಸಿಆರ್ ಬಂತು. ಆಗ ಪಾರ್ಸಿಗಳ ಕೆಲಸವನ್ನು ‘ಮೈಂಡ್ ಯುವರ್ ಲ್ಯಾಂಗ್ವೇಜ್’ ವಹಿಸಿಕೊಂಡಿತು. ಆ ಧಾರಾವಾಹಿಯಲ್ಲಿ ಪ್ರತಿ ಮಾತಿಗೂ ಸ್ಟುಡಿಯೋದವರೇ ನಕ್ಕು ತೋರಿಸುತ್ತಾರಲ್ಲ, ಮಾಮನಿಗೆ ಮನೆಯಲ್ಲೇ ಬಾಲ್ಕನಿ ಸಿಕ್ಕಂತಾಯಿತು. 2002ರ ‘ಬೆಂಡ್ ಇಟ್ ಲೈಕ್ ಬೆಕಮ್’ ನೋಡಿದಾಗ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ. “ಲಂಡನ್ ಎಂತದು? ಇದು ನಮ್ಮ ಮುಲುಂಡ್ ಕಾಲನಿಯ ಪಂಜಾಬಿಗಳ ಮನೆ” ಎಂದು ಅನುಪಮ್ ಖೇರ್ ಬಾಯಿ ತೆರೆಯುವ ಮೊದಲೇ ಟೈಂಪಾಸ್ ಘೋಷಿಸಿದ್ದರು.

ಈ ಮಾಮನ ಅಸಲಿ ಪರೀಕ್ಷೆ ನಡೆದದ್ದು ಕಳೆದ ಮೇ ರಜೆಯಲ್ಲಿ, ನಮ್ಮ ಟೆರೇಸಿನ ಮೇಲೆ. ಮಕ್ಕಳೆಲ್ಲ ಸೇರಿ ನೀರಿನ ಟ್ಯಾಂಕಿಗೂ ಡಿಶ್ ಆಂಟೆನಾದ ಕಂಬಕ್ಕೂ ಬಿಳಿ ಬೆಡ್‌ಶೀಟ್ ಬಿಗಿದು, ಬಾಡಿಗೆಯ ಪ್ರೊಜೆಕ್ಟರ್ ತಂದು ಸಿನಿಮಾ ಇಟ್ಟುಕೊಂಡರು. ಏಳನೇ ಕ್ಲಾಸಿನ ನನ್ನ ಮಗಳದ್ದೇ ಆಯ್ಕೆ: ‘ಪ್ಯಾಡಿಂಗ್ಟನ್ 2’. ಪೆರು ದೇಶದ ಕಾಡಿನಿಂದ ಲಂಡನ್ನಿಗೆ ಬಂದು, ಬ್ರೌನ್ ಎಂಬ ಕುಟುಂಬದ ಮನೆಯಲ್ಲಿ ಇರುವ ಕರಡಿಮರಿಯ ಕಥೆ. ನೀಲಿ ಕೋಟು, ಕೆಂಪು ಟೋಪಿ, ಟೋಪಿಯೊಳಗೆ ಮಾರ್ಮಲೇಡ್ ಹಚ್ಚಿದ ಬ್ರೆಡ್ಡು.

“ಅಜ್ಜ, ಈ ಸಿನಿಮಾಕ್ಕೆ ವಿಮರ್ಶಕರು ನೂರಕ್ಕೆ ನೂರು ಕೊಟ್ಟಿದ್ದರು” ಎಂದು ಮಗಳು ಮಾಮನಿಗೆ ಪೀಠಿಕೆ ಹಾಕಿದಳು. “2021ರಲ್ಲಿ ‘ಸಿಟಿಜನ್ ಕೇನ್’ಗೆ 1941ರ ಒಂದು ಹಳೇ ಕೆಟ್ಟ ವಿಮರ್ಶೆ ಸಿಕ್ಕಿ ಅದರ ನೂರು ಹೋಯಿತಂತೆ. ಕರಡಿಯ ನೂರು ಇನ್ನೂ ಹಾಗೇ ಇತ್ತು. ಅದೇ ವರ್ಷ ಯಾರೋ ಒಬ್ಬ ಚೆನ್ನಾಗಿಲ್ಲ ಅಂದುಬಿಟ್ಟ. ಇದರದ್ದೂ ಹೋಯಿತು.”

ಮಾಮನ ಮುಖ ಅರಳಿತು. “ಅಷ್ಟೂ ಜನರ ನಡುವೆ ಒಬ್ಬನೇ? ಭೇಷ್! ಅವನು ಮುಂಬೈಗೆ ಬಂದರೆ ಹೇಳು ಮಗಾ, ಒಂದು ಫಿಲ್ಟರ್ ಕಾಫಿ ನನ್ನ ಲೆಕ್ಕದಲ್ಲಿ.”

ಸಿನಿಮಾ ಸುರುವಾಯಿತು. ಟೆರೇಸಿನಲ್ಲಿ ಪಾರ್ಸಿಗಳಿಲ್ಲ, ಸ್ಟುಡಿಯೋ ನಗುವೂ ಇಲ್ಲ. ಮಾಮ ಎರಡು ಸಲ ಹಿಂತಿರುಗಿ ನೋಡಿದರು. ಹಿಂದೆ ಇದ್ದದ್ದು ನೀರಿನ ಟ್ಯಾಂಕ್ ಮಾತ್ರ.

ಉಳಿದವರು ಅಭಿಪ್ರಾಯ ಕೊಡಲಿಕ್ಕೆ ಯಾರನ್ನೂ ಕಾಯಲಿಲ್ಲ. ಸೊಸೈಟಿ ಸೆಕ್ರೆಟರಿಗೆ ಮೊದಲ ಹತ್ತು ನಿಮಿಷದಲ್ಲೇ ತಳಮಳ ಸುರುವಾಯಿತು. “ಈ ಕರಡಿಯ ಪೊಲೀಸ್ ವೆರಿಫಿಕೇಶನ್ ಆಗಿದೆಯಾ? ಸೊಸೈಟಿಯ ಎನ್‌ಒಸಿ ತಗೊಂಡಿದ್ದಾರಾ?” ಪರದೆಯ ಮೇಲೆ ಕರಿ ಎಂಬ ಸಿಡುಕು ನೆರೆಯವನೊಬ್ಬ ಕರಡಿ ನಮ್ಮ ಬೀದಿಯಲ್ಲಿ ಇರಕೂಡದೆಂದು ಕೂಗಾಡಿದಾಗ ಇಡೀ ಟೆರೇಸ್ ಸೆಕ್ರೆಟರಿಯತ್ತ ತಿರುಗಿತು. ಅವರು ಮೊಬೈಲ್ ತೆಗೆದು ಬಹಳ ಮುಖ್ಯವಾದದ್ದನ್ನೇನೋ ಓದತೊಡಗಿದರು. ಎ ವಿಂಗಿನ ವಿಮಾ ಏಜೆಂಟರು, ಮನೆ ಯಜಮಾನ ಬ್ರೌನ್ ವಿಮಾ ಕಂಪನಿಯಲ್ಲಿ ಅಪಾಯದ ಲೆಕ್ಕ ಹಾಕುವವನೆಂದು ಮಗಳಿಂದ ತಿಳಿದು, ಅವನ ಪ್ರತಿ ಮಾತಿಗೂ ತಲೆಯಾಡಿಸಿದರು. ಮೇಲಿನ ಮನೆಯ ಗುಜರಾತಿ ಭಾಭಿ, ಇಷ್ಟು ಹೊತ್ತಾದರೂ ಒಂದು ಮೊಟ್ಟೆ ಕೂಡ ಕಾಣಿಸಿಕೊಳ್ಳಲಿಲ್ಲ, ಮಕ್ಕಳಿಗೆ ಒಳ್ಳೆಯ ಸಿನಿಮಾ ಎಂದು ಒಪ್ಪಿಗೆ ಕೊಟ್ಟರು. ಮರಾಠಿ ಕಾಕೂಗೆ ಹ್ಯೂ ಗ್ರಾಂಟ್ ಹಿಡಿಸಿದ. ಇಲ್ಲಿ ಅವನದು ವೇಷ ಬದಲಿಸಿ ಕಳ್ಳತನ ಮಾಡುವ, ಮಾರುಕಟ್ಟೆ ಬಿದ್ದುಹೋದ ನಟನ ಪಾತ್ರ. ಅಟ್ಟದಲ್ಲಿ ತನ್ನ ಹಳೇ ವೇಷಗಳ ಜೊತೆ ಮಾತಾಡುತ್ತಾನೆ, ಹೊಟ್ಟೆಪಾಡಿಗೆ ನಾಯಿ ತಿಂಡಿಯ ಜಾಹೀರಾತಿನಲ್ಲಿ ಕುಣಿಯುತ್ತಾನೆ. “ನಮ್ಮ ನಾಟಕದವರ ಪಾಡೂ ಇದೇ” ಎಂದು ಕಾಕೂ ಉಸಿರೆಳೆದರು.

ಮಾಮಿಯ ಕಣ್ಣು ಮಾರ್ಮಲೇಡಿನ ಮೇಲೆ. “ಇದೆಂತದು, ಜಾಮಾ?”

ಕಹಿ ಕಿತ್ತಳೆಯ ಸಿಪ್ಪೆ ಹಾಕಿ ಸಕ್ಕರೆಯಲ್ಲಿ ಕುದಿಸುವುದು ಎಂದೆ.

“ಸಿಪ್ಪೆ ಗೊಜ್ಜು ಅನ್ನಿ! ಹುಣಸೆಹುಳಿ, ಮೆಣಸು ಹಾಕಲಿಕ್ಕೆ ಮರೆತಿದ್ದಾರೆ ಅಷ್ಟೇ.”

ನಾಲ್ಕು ಶತಮಾನದ ಬ್ರಿಟಿಷ್ ಸಂಬಂಧವನ್ನು ಮಾಮಿ ಒಂದು ಸಾಲಿನಲ್ಲಿ ಇತ್ಯರ್ಥ ಮಾಡಿದರು.

ಇಂಗ್ಲಿಷಿನವರು ಸಿನಿಮಾದಲ್ಲಿ ಇಂಟರ್ವಲ್ ಬಿಟ್ಟಿರುವುದಿಲ್ಲ. ಒಂದೂಮುಕ್ಕಾಲು ಗಂಟೆಯ ಸಿನಿಮಾವನ್ನು ಒಂದೇ ಉಸಿರಿಗೆ ನೋಡುತ್ತಾರೆ. ನಮ್ಮ ಥೇಟರಿನವರೇ ನಡುವೆ ಎಲ್ಲೋ ಕತ್ತರಿ ಹಾಕಿ ಪಾಪ್‌ಕಾರ್ನ್ ಮಾರುವುದು. ಟೆರೇಸಿನಲ್ಲಿ ಆ ಕತ್ತರಿ ಮಾಮನ ಕೈಯಲ್ಲಿತ್ತು. ಕರಡಿಗೆ ಕಳ್ಳತನದ ಸುಳ್ಳು ಆರೋಪದ ಮೇಲೆ ಜೈಲಾಯಿತು. ತೀರ್ಪು ಕೊಟ್ಟ ನ್ಯಾಯಾಧೀಶ ಯಾರು? ಹಿಂದೆ ಕ್ಷೌರದಂಗಡಿಯಲ್ಲಿ ಇದೇ ಕರಡಿಯ ಕೈಗೆ ತಲೆ ಕೊಟ್ಟು ಹಿಂದಲೆಯ ಕೂದಲು ಕಳೆದುಕೊಂಡ ಗಿರಾಕಿ! “ನಿಲ್ಲಿಸು!” ಎಂದರು ಮಾಮ. ಸಮೋಸ ಬಂತು. ತೀರ್ಪೂ ಬಂತು.

“ಬಕ್ವಾಸ್. ಅಲ್ಲ ಮಾರಾಯ, ಕರಡಿ ಇಂಗ್ಲಿಷ್ ಮಾತಾಡ್ತದೆ, ಕಿಟಕಿ ಒರೆಸ್ತದೆ. ಇಡೀ ಲಂಡನ್ನಿನಲ್ಲಿ ಒಬ್ಬನಿಗಾದರೂ ಆಶ್ಚರ್ಯ ಬೇಡವಾ?”

ತಮಾಷೆ ಇರುವುದೇ ಅಲ್ಲಿ ಎಂದು ನಾನು ವಿವರಿಸಲು ಹೊರಟೆ. ಲೋಕವೇ ತಲೆಕೆಳಗಾದರೂ ಇಂಗ್ಲಿಷಿನವರು ಟೀ ತಣ್ಣಗಾಯಿತಲ್ಲ ಎಂದು ಮಾತ್ರ ಕೊರಗುವವರು. ಕರಡಿ ಬಂದದ್ದು ವಿಷಯವಲ್ಲ, ಕರಡಿ ಸಭ್ಯವಾಗಿದೆಯೇ ಎಂಬುದು ವಿಷಯ. 2022ರಲ್ಲಿ ಎಲಿಜಬೆತ್ ರಾಣಿಯ ಪಟ್ಟದ ಎಪ್ಪತ್ತನೇ ವರ್ಷಕ್ಕೆ ರಾಣಿಯೂ ಈ ಕರಡಿಯೂ ಅರಮನೆಯಲ್ಲಿ ಚಹಾ ಕುಡಿಯುವ ಕಿರುಚಿತ್ರವನ್ನೇ ಮಾಡಿದ್ದರು. ರಾಣಿ ತನ್ನ ಹ್ಯಾಂಡ್‌ಬ್ಯಾಗಿನಿಂದ ಮಾರ್ಮಲೇಡ್ ಸ್ಯಾಂಡ್‌ವಿಚ್ ತೆಗೆದು ತೋರಿಸುತ್ತಾರೆ.

“ಬ್ಯಾಗಿನಲ್ಲಿ ತಿಂಡಿ ಇಟ್ಟುಕೊಂಡು ಹೊರಡುವ ಹೆಂಗಸು ರಾಣಿಯಾದರೂ ಬುದ್ಧಿವಂತೆ” ಎಂದರು, ಮೂವತ್ತು ವರ್ಷ ಲೇಡೀಸ್ ಡಬ್ಬದಲ್ಲಿ ವಿ.ಟಿ.ಗೆ ಓಡಾಡಿದ ಮಾಮಿ.

ಮಾಮ ಜಗ್ಗಲಿಲ್ಲ. ಅಷ್ಟರಲ್ಲಿ ಮಗಳು, “ಅಜ್ಜ, ಈ ಕರಡಿಯನ್ನು ಬರೆದ ಮೈಕೆಲ್ ಬಾಂಡ್ ಮೊದಲು ಅದು ಆಫ್ರಿಕಾದಿಂದ ಬಂತು ಅಂತ ಬರೆದಿದ್ದರಂತೆ. ಆಫ್ರಿಕಾದಲ್ಲಿ ಕರಡಿ ಎಲ್ಲಿದೆ ಅಂತ ಅವರ ಏಜೆಂಟ್ ಕೇಳಿದ ಮೇಲೆ ಪೆರು ಅಂತ ಮಾಡಿದರು” ಎಂದಳು. ಪುಸ್ತಕ ಬಂದದ್ದು 1958ರಲ್ಲಿ.

“ನೋಡಿದೆಯಾ? ಆ ಏಜೆಂಟ್ ಸರಿಯಾದ ಮನುಷ್ಯ” ಎಂದು ಮಾಮ ಸಮೋಸದ ಕೊನೆಯ ಮೂಲೆಯನ್ನು ಬಾಯಿಗಿಟ್ಟುಕೊಂಡರು.

ಎರಡನೇ ಅರ್ಧ ಸುರುವಾಯಿತು. ಜೈಲಿನ ಒಗೆಯುವ ಕೋಣೆ. ಕರಡಿ ಗೊತ್ತಿಲ್ಲದೆ ಒಂದು ಕೆಂಪು ಕಾಲುಚೀಲ ಸೇರಿಸಿಬಿಟ್ಟು, ಕೊಲೆಗಡುಕರ ಬಟ್ಟೆಗಳೆಲ್ಲ ಗುಲಾಬಿ ಬಣ್ಣವಾದವು. ಮಕ್ಕಳು ನಕ್ಕರು, ಮಾಮ ಒಂದು ಸೆಕೆಂಡ್ ತಡವಾಗಿ ನಕ್ಕರು. ಹಳೇ ಅಭ್ಯಾಸ. ಆಮೇಲೆ ಊಟದ ಹಾಲ್. ಇಡೀ ಜೈಲು ನಡುಗುವುದು ಜೈಲರನಿಗಲ್ಲ, ಅಡುಗೆಯವನಿಗೆ. ಗಡ್ಡದ ದೈತ್ಯ ಅವನು. ಕೊಟ್ಟದ್ದನ್ನು ಎಲ್ಲರೂ ಬಾಯಿ ಮುಚ್ಚಿಕೊಂಡು ನುಂಗುತ್ತಾರೆ. ಕರಡಿ ಮಾತ್ರ ತಟ್ಟೆ ಹಿಡಿದುಕೊಂಡು, ಊಟದ ವಿಷಯದಲ್ಲಿ ಒಂದು ಮಾತಿತ್ತು ಎಂದು ಬಹಳ ಮರ್ಯಾದೆಯಿಂದ ಅವನ ಕಡೆ ನಡೆಯಿತು. ಟೆರೇಸ್ ಉಸಿರು ಬಿಗಿಹಿಡಿಯಿತು.

ಆಗ ಕತ್ತಲಲ್ಲಿ ಒಂದು ನಗು ಸಿಡಿಯಿತು. ಒಂದೇ ಒಂದು. ಮಕ್ಕಳಿನ್ನೂ ನಕ್ಕಿರಲಿಲ್ಲ, ಭಾಭಿ ನಕ್ಕಿರಲಿಲ್ಲ. ಪರದೆಯ ಮೇಲೂ ಇನ್ನೂ ಏನೂ ಆಗಿರಲಿಲ್ಲ. ಮಾಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದೆ ಮುಂದೆ ತೂಗುತ್ತ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

“ಹೋಯ್ತು! ಕರಡಿ ಹೋಯ್ತು! ಭಟ್ಟರ ಹತ್ತಿರ ಸಾಂಬಾರಿಗೆ ಉಪ್ಪು ಕಮ್ಮಿ ಅಂತ ಹೇಳ್ಲಿಕ್ಕೆ ಹೊರಟಿದೆ ಮಾರಾಯ! ನಮ್ಮಲ್ಲಿ ಹಾಗೆ ಹೇಳಿದವ ಎರಡು ದಿನ ಪಾತ್ರೆ ತೊಳೆದ!”

ಇಡೀ ಟೆರೇಸ್ ಮಾಮನನ್ನು ನೋಡಿ ನಕ್ಕಿತು. ಒಂದು ಸೆಕೆಂಡ್ ತಡವಾಗಿ. ಐವತ್ತು ವರ್ಷದ ನಂತರ ಆ ರಾತ್ರಿ ಮಾಮನೇ ಬಾಲ್ಕನಿ, ನಾವೆಲ್ಲ ಕೆಳಗಿನ ಕ್ಲಾಸು.

ಅಲ್ಲಿಂದ ಮುಂದೆ ಅವರು ತೀರ್ಪು ಕೊಡಲಿಲ್ಲ. ಅಡುಗೆಯವನೂ ಕರಡಿಯೂ ಸೇರಿ ಮಾರ್ಮಲೇಡ್ ಕುದಿಸುವಾಗ ಸೌಟು ಹಿಡಿದ ರೀತಿ ತಪ್ಪೆಂದು ಮಾತ್ರ ಗೊಣಗಿದರು. ಕೊನೆಯಲ್ಲಿ, ನೂರು ತುಂಬಿದ ಲೂಸಿ ಅತ್ತೆ ಬಾಗಿಲಲ್ಲಿ ಬಂದು ನಿಂತಾಗ ಮೂಗು ಒರೆಸಿಕೊಂಡದ್ದನ್ನು ಮಾಮಿ ನೋಡಿದರು, ನಾವು ನೋಡದ ಹಾಗೆ ಇದ್ದೆವು.

ಬೆಡ್‌ಶೀಟ್ ಬಿಚ್ಚುವಾಗ ಮಾಮ ಮಗಳನ್ನು ಕರೆದರು. “ಈ ಕರಡಿ ಮೊದಲ ಸಲ ಲಂಡನ್ನಿಗೆ ಹೇಗೆ ಬಂತು ಮಗಾ?”

“ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ಒಂದೇ ನಿಂತಿತ್ತು ಅಜ್ಜ. ಕುತ್ತಿಗೆಗೆ ಒಂದು ಚೀಟಿ. ಇದನ್ನು ಯಾರಾದರೂ ನೋಡಿಕೊಳ್ಳಿ ಅಂತ. ಯುದ್ಧದ ಕಾಲದಲ್ಲಿ ಮಕ್ಕಳನ್ನು ಕುತ್ತಿಗೆಗೆ ಚೀಟಿ ಕಟ್ಟಿ ರೈಲಿನಲ್ಲಿ ಊರಿಂದಾಚೆ ಕಳಿಸುತ್ತಿದ್ದರಂತಲ್ಲ, ಬರೆದವರಿಗೆ ಆ ನೆನಪು.”

ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೆಳಗೆ ಕೊನೆಯ ಕರ್ಜತ್ ಲೋಕಲ್ ಹೋಗುವ ಸದ್ದು.

“ಕೊಂಕಣ ರೈಲು ಪೂರ್ತಿ ಓಡಿದ್ದು 1998ಕ್ಕೆ. ನಾನು ಬಂದದ್ದು ಅರವತ್ತೊಂಬತ್ತರಲ್ಲಿ, ಬಸ್ಸಿನಲ್ಲಿ, ಘಟ್ಟ ಹತ್ತಿ ಇಳಿದು. ಹದಿನಾಲ್ಕು ವರ್ಷ. ತಗಡಿನ ಪೆಟ್ಟಿಗೆ. ಅಂಗಿ ಕಿಸೆಯಲ್ಲಿ ಒಂದು ಚೀಟಿ, ಮಾಟುಂಗದ ಹೋಟೆಲಿನ ವಿಳಾಸ ಬರೆದದ್ದು. ಬಸ್ಸಿಳಿದು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ. ಒಬ್ಬನಿಗೂ ಆಶ್ಚರ್ಯ ಆಗ್ಲಿಲ್ಲ. ಕೈ ಮಾಡಿ ದಾರಿ ತೋರಿಸಿ ಹೋದರು.”

“ಚೀಟಿಯಲ್ಲಿ ಏನು ಬರೆದಿತ್ತು ಅಜ್ಜ? ನೋಡಿಕೊಳ್ಳಿ ಅಂತಲಾ?”

“ಎಂತ ನೋಡಿಕೊಳ್ಳುವುದು! ವಿಳಾಸದ ಕೆಳಗೆ ನನ್ನ ಅಪ್ಪಯ್ಯ ಬರೆದಿದ್ದರು: ಹುಡುಗ ಕೆಲಸ ಮಾಡ್ತಾನೆ, ಊಟ ಮಾತ್ರ ಸ್ವಲ್ಪ ಜಾಸ್ತಿ.”

“ಈಗಲೂ ಹಾಗೇ” ಎಂದು ಮಾಮಿ ಕುರ್ಚಿ ಮಡಚಿದರು.

ಮರುದಿನ ಬೆಳಿಗ್ಗೆ ಪೇಪರು ಕೇಳುವ ನೆಪದಲ್ಲಿ ಅವರ ಮನೆಗೆ ಹೋದೆ. ಸಿನಿಮಾದ ಕೊನೆಯ ತೀರ್ಪು ಬಾಕಿ ಇತ್ತಲ್ಲ. ಮಾಮ ಸೋಫಾದಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದರು. ಬ್ರೆಡ್ಡಿನ ಮೇಲೆ ಕಿತ್ತಳೆ ಸಿಪ್ಪೆಯ ಗೊಜ್ಜು, ಬೆಲ್ಲ ಮುಂದಾಗಿ, ಮೆಣಸು ಹಿಂದಾಗಿ. ಅಡುಗೆಮನೆಯ ಬಾಗಿಲಲ್ಲಿ ಮಾಮಿ, ಕೈಯಲ್ಲಿ ಸೌಟು. ಸರಿಯಾಗಿ ಅರ್ಧ ತಿಂದು ಮಾಮ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು.

ಇಂಟರ್ವಲ್. ಮಾಮಿಯೂ ನಾನೂ ಕಾದೆವು.

ಮಾಮ ಒಮ್ಮೆ ಮಾಮಿಯ ಮುಖ ನೋಡಿದರು, ಒಮ್ಮೆ ಸೌಟು ನೋಡಿದರು.

“ಪೂರ್ತಿ ತಿಂದು ಹೇಳ್ತೇನೆ” ಎಂದರು.