ಕ್ಯಾಮೆರಾ ಮೀಮಾಂಸೆ: ಕೊಳ್ಳುವ ಮುನ್ನದ ಷಟ್ಪ್ರಮಾಣ ವಿಚಾರ

ಶಾಸ್ತ್ರಗ್ರಂಥಗಳು ‘ಅಥ’ ಎಂದು ಶುರುವಾಗಬೇಕೆಂಬುದು ಹಿರಿಯರ ರೂಢಿ. ಅಥ, ಎಂದರೆ ಇನ್ನು ಮುಂದೆ, ಕ್ಯಾಮೆರಾ ಕೊಳ್ಳುವವರ ವಿಚಾರ. ಇಲ್ಲಿ ‘ಕೊಳ್ಳುವವರು’ ಎಂದರೆ ಕೊಂಡವರಲ್ಲ, ನಾಳೆ ಕೊಳ್ಳಲಿರುವವರೂ ಅಲ್ಲ. ಕೊಳ್ಳಲೋ ಬೇಡವೋ ಎಂದು ತೂಗುತ್ತ ಕೂತವರು. ತೂಗುವುದು ತನ್ನಷ್ಟಕ್ಕೇ ಪೂರ್ಣವಾದ ಕರ್ಮ, ಅದಕ್ಕೆ ಖರೀದಿಯೆಂಬ ಫಲ ಇರಲೇಬೇಕೆಂದಿಲ್ಲ ಎಂಬುದನ್ನು ಈ ಕಿರುಗ್ರಂಥ ಸಾಧಿಸಿ ತೋರಿಸಲಿದೆ.

ಅಧಿಕಾರಿ ನಿರ್ಣಯ

ಈ ಶಾಸ್ತ್ರವನ್ನು ಓದಲು ಯಾರು ಅರ್ಹರು? ಕ್ಯಾಮೆರಾ ಇಲ್ಲದವನು ಅರ್ಹನಲ್ಲ. ಅವನಿಗೆ ಇನ್ನೂ ರೋಗವೇ ತಗುಲಿಲ್ಲ. ಕ್ಯಾಮೆರಾ ಕೆಟ್ಟವನೂ ಅರ್ಹನಲ್ಲ. ಅವನು ನೇರ ಅಂಗಡಿಗೆ ಹೋಗಿ ತಂದುಬಿಡುತ್ತಾನೆ, ಜಿಜ್ಞಾಸೆಗೆ ಎಡೆಯೇ ಇಲ್ಲ. ಯಾರ ಮನೆಯಲ್ಲಿ ಕ್ಯಾಮೆರಾ ಇದ್ದು, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದು, ಆ ಕಾರಣಕ್ಕೇ ರಾತ್ರಿ ನಿದ್ದೆ ಬರುತ್ತಿಲ್ಲವೋ ಅವನೊಬ್ಬನೇ ಅಧಿಕಾರಿ.

ತರ್ಕಪಂಡಿತರು ಶತಮಾನಗಳಿಂದ ಸಂಬಳವಿಲ್ಲದೆ ದುಡಿಸಿಕೊಂಡು ಬಂದ ದೇವದತ್ತ, ಯಜ್ಞದತ್ತರನ್ನೇ ನಾವೂ ಉದಾಹರಣೆಗೆ ಕರೆದಿದ್ದೇವೆ. ಇಬ್ಬರೂ ಈಗ ಬೆಂಗಳೂರಿನಲ್ಲಿದ್ದಾರೆ. ದೇವದತ್ತನಿಗೆ 48 ವರ್ಷ, ವಾರವೆಲ್ಲ ಬ್ಯಾಂಕು, ಭಾನುವಾರ ಹಕ್ಕಿ. ಅವನ ಕೈಯಲ್ಲಿರುವುದು 2015ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ7200. ಅವನ ಮನಸ್ಸಿನಲ್ಲಿರುವುದು 2024ರಲ್ಲಿ ಬಂದ ನಿಕಾನ್ ಝೆಡ್6 ತ್ರೀ. ಮೊದಲನೆಯದರಲ್ಲಿ 24.2 ಮೆಗಾಪಿಕ್ಸೆಲ್. ಎರಡನೆಯದರಲ್ಲಿ 24.5. ಒಂಬತ್ತು ವರ್ಷದ ತಪಸ್ಸಿಗೆ 0.3 ಮೆಗಾಪಿಕ್ಸೆಲ್ ಎಂದು ಲೌಕಿಕರು ನಗಬಹುದು. ಶಾಸ್ತ್ರಜ್ಞರು ನಗುವುದಿಲ್ಲ, ಪುಟ ತಿರುಗಿಸುತ್ತಾರೆ.

ಉತ್ಪತ್ತಿ ಪ್ರಕರಣ

1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ತೂಕ ಮೂರೂವರೆ ಕಿಲೋ ಮೀರಿತ್ತು. ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10 ಸಾವಿರ ಚುಕ್ಕಿಗಳ ಕಪ್ಪು-ಬಿಳುಪು ಚಿತ್ರ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು. ಜಗತ್ತಿನಲ್ಲಿ ‘ಇದಕ್ಕಿಂತ ಅದೇ ವಾಸಿ ಅಲ್ಲವೇ ಸಾರ್’ ಎಂಬ ಮಾತು ಕೇಳದೆ ಬಾಳಿದ ಡಿಜಿಟಲ್ ಕ್ಯಾಮೆರಾ ಅದೊಂದೇ. ಎರಡನೆಯದು ಹುಟ್ಟಿದ ಗಳಿಗೆಯಲ್ಲೇ ನಮ್ಮ ಶಾಸ್ತ್ರವೂ ಹುಟ್ಟಿತು.

ಪ್ರತ್ಯಕ್ಷ ಪ್ರಮಾಣ

ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕ ಬಂದಾಗ ಹುಟ್ಟುವ ಜ್ಞಾನ ಪ್ರತ್ಯಕ್ಷ. ಅದು ಅಂಗಡಿಯಲ್ಲಿ ನಡೆಯುತ್ತದೆ.

ಶನಿವಾರ ಮಧ್ಯಾಹ್ನ ದೇವದತ್ತ ಅಂಗಡಿ ಹೊಕ್ಕ. ಕೌಂಟರಿನ ಹುಡುಗ ಬೀರುವಿನಿಂದ ಕ್ಯಾಮೆರಾ ತೆಗೆದು, ಬ್ಯಾಟರಿ ಹಾಕಿ, ‘ಸಾರ್, ಮೊದಲು ಸ್ಟ್ರ್ಯಾಪ್ ಕೊರಳಿಗೆ ಹಾಕ್ಕೊಳಿ’ ಅಂದ. ಇದು ಈ ಶಾಸ್ತ್ರದ ಉಪನಯನ. ಆಮೇಲೆ ದೇವದತ್ತ ಕ್ರಮವಾಗಿ ಟ್ಯೂಬ್‌ಲೈಟು, ತಿರುಗುವ ಫ್ಯಾನು, ಎದುರು ಗೋಡೆಯ ಕ್ಯಾಲೆಂಡರು, ಕೊನೆಗೆ ಆ ಹುಡುಗನನ್ನೂ ತೆಗೆದ. ಒಂದೂವರೆ ಸಾವಿರ ಅಡಿ ಎತ್ತರದ ಬೆಟ್ಟ ಹತ್ತಿ ಸೂರ್ಯೋದಯ ಹಿಡಿದವರೂ ಹೊಸ ಕ್ಯಾಮೆರಾದಲ್ಲಿ ಮೊದಲು ಹಿಡಿಯುವುದು ಟ್ಯೂಬ್‌ಲೈಟನ್ನೇ ಎಂಬುದು ಗಮನಾರ್ಹ.

ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುವ ಸೌಲಭ್ಯವನ್ನು ಪರೀಕ್ಷಿಸಲು ದೇವದತ್ತ ಹುಡುಗನ ಕಡೆ ಮತ್ತೆ ಗುರಿಯಿಟ್ಟ. ಹಳದಿ ಚೌಕ ಒಂದು ಕ್ಷಣ ಅವನ ಮುಖದ ಮೇಲೆ ಕುಣಿದು, ಸರಕ್ಕನೆ ಹಾರಿ, ಹಿಂದಿನ ಗೋಡೆಯಲ್ಲಿ ಮಲ್ಲಿಗೆ ಹಾರ ಹಾಕಿದ್ದ ಗುರುರಾಯರ ಫೋಟೋದ ಬಲಗಣ್ಣಿನ ಮೇಲೆ ನಿಂತಿತು. ‘ನೋಡಿ ಸಾರ್, ಅದಕ್ಕೂ ದೊಡ್ಡೋರು ಯಾರು ಅಂತ ಗೊತ್ತು’ ಎಂದರು ಅಂಗಡಿ ಯಜಮಾನರು. ದೇವದತ್ತ ಕೈಮುಗಿಯಲು ಹೋದ, ಕೈಯಲ್ಲಿ ಕ್ಯಾಮೆರಾ ಇತ್ತು.

‘ಹಗುರ ಇದೆ ಅಲ್ವಾ’ ಎಂದು ಕೇಳಿದ. ‘ಮಿರರ್‌ಲೆಸ್ ಅಲ್ವಾ ಸಾರ್’ ಎಂದ ಹುಡುಗ. ಕನ್ನಡಿ ಹೋದ ಮೇಲೆ ಭಾರವೂ ಹೋಗಿರಲೇಬೇಕೆಂಬುದು ಇಬ್ಬರ ಶ್ರದ್ಧೆ. ಗ್ರಂಥಕರ್ತರು ತಕ್ಕಡಿ ತಂದರು. ಬ್ಯಾಟರಿ, ಕಾರ್ಡು ಸೇರಿ ಡಿ7200 ತೂಗುವುದು 765 ಗ್ರಾಂ. ಝೆಡ್6 ತ್ರೀ 760 ಗ್ರಾಂ. ಅಂತರ ಐದು ಗ್ರಾಂ, ಒಂದು ಚಮಚ ಉಪ್ಪಿನಷ್ಟು. ಹಳೆಯ ಲೆನ್ಸುಗಳನ್ನು ಹೊಸದಕ್ಕೆ ಜೋಡಿಸುವ ಎಫ್‌ಟಿಝೆಡ್ ಟೂ ಅಡಾಪ್ಟರಿನ ತೂಕ 125 ಗ್ರಾಂ. ಆದ್ದರಿಂದ ಹಗುರವಾಗಲೆಂದು ಬಂದ ದೇವದತ್ತನ ಹೆಗಲಿಗೆ 120 ಗ್ರಾಂ ಹೆಚ್ಚಾಗುತ್ತದೆ. ಪ್ರತ್ಯಕ್ಷಕ್ಕೆ ಮೀರಿದ್ದು ಶ್ರದ್ಧೆ ಎಂಬುದು ಇದರಿಂದ ಸಿದ್ಧ.

ದೇಹಾತ್ಮ ವಿವೇಕ

ಇಲ್ಲೊಂದು ಉಪಪ್ರಕರಣ ಬೇಕಾಗುತ್ತದೆ. ‘ಬಾಡಿ ಇವತ್ತು ಇರ್ತದೆ ನಾಳೆ ಹೋಗ್ತದೆ, ಲೆನ್ಸಿಗೆ ದುಡ್ಡು ಹಾಕಪ್ಪ’ ಎನ್ನುವುದು ಈ ಸಂಪ್ರದಾಯದ ಹಿರಿಯರ ಉಪದೇಶ. ದೇಹ ನಶ್ವರ, ಗಾಜು ಶಾಶ್ವತ. ನಿಕಾನ್‌ನ ಎಫ್ ಮೌಂಟು 1959ರಿಂದ ಎಷ್ಟೋ ದೇಹಗಳನ್ನು ಕಂಡಿದೆ. 2018ರಲ್ಲಿ ಝೆಡ್ ಮೌಂಟು ಬಂತು. ಮೊದಲಿನದರಲ್ಲಿ ಲೆನ್ಸ್ ಕೂರುವ ಅಂಚಿಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರ. ಕನ್ನಡಿ ಏಳಲು, ಬೀಳಲು ಜಾಗ ಬೇಕಿತ್ತು. ಕನ್ನಡಿ ಹೋದ ಮೇಲೆ ಅಂತರ 16 ಮಿಲಿಮೀಟರಿಗೆ ಇಳಿಯಿತು. ಉಳಿದ 30.5 ಮಿಲಿಮೀಟರನ್ನು ತುಂಬಿ ಹಳೆಯ ಲೆನ್ಸನ್ನು ಹೊಸ ದೇಹಕ್ಕೆ ದಾಟಿಸುವುದೇ ಆ ಅಡಾಪ್ಟರಿನ ಕೆಲಸ. ಜೀವ ಒಂದು ಶರೀರದಿಂದ ಇನ್ನೊಂದಕ್ಕೆ ಹೋಗುವ ದಾರಿ ಕಂಡವರಿಲ್ಲ ಎನ್ನುತ್ತಾರೆ. ಇಲ್ಲಿ ಅದಕ್ಕೆ ಬೆಲೆಪಟ್ಟಿಯೇ ಇದೆ.

ಆದರೆ ಪೂರ್ವಜನ್ಮದ ಎಲ್ಲ ಸಂಸ್ಕಾರಗಳೂ ದಾಟುವುದಿಲ್ಲ. ಒಳಗೆ ಮೋಟಾರಿಲ್ಲದೆ, ಕ್ಯಾಮೆರಾದ ಮೋಟಾರನ್ನೇ ನೆಚ್ಚಿದ್ದ ಹಳೆಯ ಲೆನ್ಸುಗಳು ಈ ಅಡಾಪ್ಟರಿನ ಮೇಲೆ ಆಟೊಫೋಕಸ್ ಮರೆಯುತ್ತವೆ. ದೇವದತ್ತನ ಬಳಿ ಅಂಥದ್ದೊಂದಿದೆ. ಅದನ್ನು ಅವನು ಎರಡು ವರ್ಷದಿಂದ ಮುಟ್ಟಿಲ್ಲ. ಈಗ ಮಾತ್ರ ಅದರ ನೆನಪಾಗಿ ಕಣ್ಣು ತೇವವಾಯಿತು.

ಅನುಮಾನ ಪ್ರಮಾಣ

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಕ್ಯಾಮೆರಾಶಾಸ್ತ್ರದಲ್ಲಿ ವ್ಯಾಪ್ತಿ, ಎಂದರೆ ಹೊಗೆಗೂ ಬೆಂಕಿಗೂ ಇರುವಂಥ ಬಿಡದ ನಂಟು, ಹೀಗಿದೆ: ಎಲ್ಲೆಲ್ಲಿ ಬೆಲೆ ಇಳಿಯುತ್ತದೋ ಅಲ್ಲಲ್ಲಿ ಹೊಸ ಮಾಡೆಲ್ ಬರುತ್ತದೆ. ಬೆಲೆ ಇಳಿಯದಿದ್ದರೆ ದುಬಾರಿ ಎಂದು ಕೊಳ್ಳುವುದಿಲ್ಲ. ಇಳಿದರೆ ಹೊಸದು ಬರುತ್ತದೆಂದು ಕೊಳ್ಳುವುದಿಲ್ಲ. ಎರಡು ಕಡೆಯಿಂದಲೂ ಹಣ ಉಳಿಸುವ ತರ್ಕ ಬೇರೆ ಯಾವ ದರ್ಶನದಲ್ಲೂ ಇಲ್ಲ.

ಆದರೆ ಹೇತ್ವಾಭಾಸದ, ಎಂದರೆ ಹುಸಿ ಕಾರಣದ, ಬಗ್ಗೆ ಎಚ್ಚರ ಬೇಕು. 2019ರ ಜನವರಿ 1ರಿಂದ ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅಲ್ಲಿ ಹೊಗೆ ಇತ್ತು, ಬೆಂಕಿ ಇರಲಿಲ್ಲ, ತೆರಿಗೆ ಇಳಿದದ್ದಷ್ಟೇ. ಯಜ್ಞದತ್ತ ಆಗ ಹೊಸ ಮಾಡೆಲಿಗೆ ಕಾದು ಕೂತ. ಇನ್ನೂ ಕೂತಿದ್ದಾನೆ.

ಉಪಮಾನ ಪ್ರಮಾಣ

ಕಾಡಿಗೆ ಹೊರಟವನಿಗೆ ‘ಗವಯ ಅಂದರೆ ಹಸುವಿನ ಹಾಗೇ ಇರುತ್ತದೆ’ ಎಂದು ಹೇಳಿ ಕಳಿಸುವುದು ಉಪಮಾನದ ಹಳೆಯ ದೃಷ್ಟಾಂತ. ಹಾಗೆ ನಂಬಿ ಕಬಿನಿಯ ಕಾಟಿಯ ಹತ್ತಿರ ಹೋದವನ ಗತಿ ಏನಾಯಿತೆಂದು ತರ್ಕಗ್ರಂಥಗಳು ಹೇಳುವುದಿಲ್ಲ. ‘ಹೊಸದೂ ಹಳೆಯದರ ಹಾಗೇ, ಸ್ವಲ್ಪ ವಾಸಿ’ ಎಂದು ನಂಬಿ ಕೊಳ್ಳುವವನ ಗತಿಯನ್ನು ನಾವು ಹೇಳುತ್ತೇವೆ.

ರಂಗನತಿಟ್ಟು, ಬೆಳಗ್ಗೆ ಏಳು ಗಂಟೆ, ದೋಣಿ. ದೇವದತ್ತನ ಕೈಯಲ್ಲಿ 200-500 ಮಿಲಿಮೀಟರ್ ಲೆನ್ಸ್. ಡಿ7200ರ ಸೆನ್ಸರ್ ಚಿಕ್ಕದು, ಸುಮಾರು 23.5 ಮಿಲಿಮೀಟರ್ ಅಗಲ, 15.6 ಎತ್ತರ. ಆದ್ದರಿಂದ 500ರಲ್ಲಿ ಸಿಗುವ ನೋಟ ಝೆಡ್6 ತ್ರೀಯಂಥ ದೊಡ್ಡ ಸೆನ್ಸರಿನ ಫುಲ್‌ಫ್ರೇಮಿನಲ್ಲಿ 750 ಮಿಲಿಮೀಟರ್ ಲೆನ್ಸಿನಲ್ಲಿ ಸಿಗುವಷ್ಟೇ ಕಿರಿದು. ಅದೇ ಲೆನ್ಸನ್ನು ಹೊಸ ಫುಲ್‌ಫ್ರೇಮಿಗೆ ಹಾಕಿದರೆ 500 ಬರೀ 500. ದೋಣಿ ಅಲ್ಲೇ ಇದೆ, ಕೊಕ್ಕರೆಯೂ ಅದೇ ಕೊಂಬೆಯ ಮೇಲಿದೆ; ಫ್ರೇಮಿನೊಳಗೆ ಮಾತ್ರ ಅದು ಮೊದಲಿಗಿಂತ ಪುಟ್ಟದಾಗಿದೆ. ಹಳೆಯ ಸೆನ್ಸರಿನಷ್ಟೇ ಜಾಗವನ್ನು ಹೊಸದರಲ್ಲಿ ಕತ್ತರಿಸಿ ತೆಗೆದರೆ ಉಳಿಯುವುದು ಸುಮಾರು 1 ಕೋಟಿ ಪಿಕ್ಸೆಲ್. ಹಳೆಯದು ಅಷ್ಟೇ ಜಾಗದಲ್ಲಿ 2 ಕೋಟಿ 42 ಲಕ್ಷ ಇಡುತ್ತಿತ್ತು. ಹಕ್ಕಿಯ ಪಾಲಿಗೆ ಬಂದ ಚುಕ್ಕಿಗಳು ಅರ್ಧಕ್ಕೂ ಕಡಿಮೆ.

ನ್ಯಾಯ ಬಿಟ್ಟು ಬರೆಯುವುದು ಗ್ರಂಥಕರ್ತರ ಧರ್ಮವಲ್ಲ. ಮುಸ್ಸಂಜೆಯ ಮಂದ ಬೆಳಕಿನಲ್ಲಿ ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ, ಚಿತ್ರದಲ್ಲಿ ರವೆ ಚೆಲ್ಲಿದಂಥ ನಾಯ್ಸ್ ಕಡಿಮೆ. ಹಾರುವ ಹಕ್ಕಿಯ ಕಣ್ಣನ್ನು ಹೊಸದು ತಾನೇ ಹಿಡಿಯುತ್ತದೆ. ಹಳೆಯದರ 51 ಫೋಕಸ್ ಬಿಂದುಗಳಲ್ಲಿ ಒಂದನ್ನು ಹಕ್ಕಿಯ ಮೇಲೆ ಇಡಬೇಕಾದವನು ದೇವದತ್ತನೇ. ಹಳೆಯದು ಸೆಕೆಂಡಿಗೆ 6 ಚಿತ್ರ ತೆಗೆದರೆ ಹೊಸದು ಎಲೆಕ್ಟ್ರಾನಿಕ್ ಷಟರಿನಲ್ಲಿ 20.

ಕಾರ್ಯಕಾರಣ ವಿಚಾರ

ಇನ್ನೊಂದು ಸೌಲಭ್ಯ ದರ್ಶನಗಳ ಬುಡವನ್ನೇ ಅಲುಗಿಸುವಂಥದ್ದು. ಬಟನ್ನನ್ನು ಅರ್ಧ ಒತ್ತಿ ಹಿಡಿದಿದ್ದರೆ ಸಾಕು, ಪೂರ್ತಿ ಒತ್ತುವುದಕ್ಕೆ ಒಂದು ಸೆಕೆಂಡ್ ಮೊದಲಿನ ಚಿತ್ರಗಳನ್ನೂ ಹೊಸ ಕ್ಯಾಮೆರಾ ಉಳಿಸಿಕೊಡುತ್ತದೆ. ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಕಚ್ಚಿ ಮೇಲೆದ್ದ ಮೇಲೆ ದೇವದತ್ತನ ಬೆರಳು ಎಚ್ಚೆತ್ತರೂ ಧುಮುಕಿದ ಚಿತ್ರ ಕಾರ್ಡಿನಲ್ಲಿರುತ್ತದೆ. ಕಾರ್ಯ ಮೊದಲು, ಕಾರಣ ಆಮೇಲೆ. ಕಾರಣದಲ್ಲಿ ಕಾರ್ಯ ಮೊದಲೇ ಅಡಗಿರುತ್ತದೋ ಇಲ್ಲವೋ ಎಂದು ಸಾಂಖ್ಯರೂ ನೈಯಾಯಿಕರೂ ಜಗಳವಾಡಿದ್ದರು. ಕಾರ್ಯವೇ ಮುಂದೆ ಓಡಿಬಿಡಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆದರೆ ಈ ತತ್ತ್ವ ಹೊಸದಲ್ಲ. ಕೊಳ್ಳುವ ತೀರ್ಮಾನ ಮೊದಲು, ಅದಕ್ಕೆ ಕಾರಣಗಳ ಹುಡುಕಾಟ ಆಮೇಲೆ ಎಂಬುದನ್ನು ದೇವದತ್ತ ಮೊದಲಿನಿಂದ ಆಚರಿಸಿಕೊಂಡೇ ಬಂದಿದ್ದಾನೆ.

ಶಬ್ದ ಪ್ರಮಾಣ

ಆಪ್ತರ ಮಾತು ಶಬ್ದಪ್ರಮಾಣ. ಇದ್ದುದನ್ನು ಇದ್ದ ಹಾಗೆ ಹೇಳುವವನು ಆಪ್ತ. ಇವತ್ತಿನ ಆಪ್ತರು ಯೂಟ್ಯೂಬಿನಲ್ಲಿದ್ದಾರೆ. ಒಬ್ಬ ಆಪ್ತ ಅರ್ಧ ಗಂಟೆ ತನ್ನ ನಾಯಿಯನ್ನೂ ಪಕ್ಕದ ಮನೆಯ ದಾಸವಾಳವನ್ನೂ ತೆಗೆದು ‘ಕಣ್ಣು ಮುಚ್ಚಿಕೊಂಡು ತಗೊಳಿ’ ಎನ್ನುತ್ತಾನೆ. ಇನ್ನೊಬ್ಬ ಅಂಥದ್ದೇ ದಾಸವಾಳ ತೆಗೆದು ‘ಇನ್ನಾರು ತಿಂಗಳು ತಡೆಯಿರಿ’ ಎನ್ನುತ್ತಾನೆ. ‘ಕೆಳಗೆ ಲಿಂಕ್ ಕೊಟ್ಟಿದ್ದೇನೆ’ ಎಂಬ ಮಹಾವಾಕ್ಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಮಾಣವಾಕ್ಯಗಳಲ್ಲಿ ವಿರೋಧ ಬಂದಾಗ ಸಮನ್ವಯ ಮಾಡಬೇಕು. ದೇವದತ್ತನ ಸಮನ್ವಯ ಸರಳ: ತಗೊಳ್ಳಿ ಎಂದವನು ಆಪ್ತ, ತಡೆಯಿರಿ ಎಂದವನಿಗೆ ಬೇರೆ ಕಂಪನಿಯವರು ದುಡ್ಡು ಕೊಟ್ಟಿದ್ದಾರೆ.

ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಇದು ಅರ್ಥಾಪತ್ತಿ. ಯಜ್ಞದತ್ತನ ಬೀರುವಿನಲ್ಲಿ ಒಂದು ದೊಡ್ಡ ಲೆನ್ಸ್ ಇದೆ; ಅದರ ಬೆಲೆ 12 ಸಾವಿರ ಎಂದು ಮನೆಯವರೆಲ್ಲ ನಂಬಿದ್ದಾರೆ; ಹಾಗಾದರೆ ಪಾರ್ಸೆಲ್ ಅವನ ಆಫೀಸಿನ ವಿಳಾಸಕ್ಕೆ ಬಂದಿರಬೇಕು. ಹೆಚ್ಚಿಗೆ ವಿವರಿಸಿದರೆ ಒಂದು ಸಂಸಾರ ಕೆಡುತ್ತದೆ.

ಅನುಪಲಬ್ಧಿ

ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ ಎಂದು ತಿಳಿಯುವುದು ಅನುಪಲಬ್ಧಿ. ಇದನ್ನು ‘ಸ್ಟಾಕ್ ಇಲ್ಲ’ ಎಂಬ ಅರ್ಥದಲ್ಲಿ ವ್ಯಾಖ್ಯಾನಿಸುವುದು ವಾಡಿಕೆ. ಸ್ಟಾಕ್ ಇಲ್ಲದ ಕ್ಯಾಮೆರಾದಷ್ಟು ಒಳ್ಳೆಯ ಕ್ಯಾಮೆರಾ ಇನ್ನೊಂದಿಲ್ಲ. ಆದರೆ ಈ ಪ್ರಮಾಣವನ್ನು ಸರಿಯಾಗಿ ಬಳಸಿದವರು ದೇವದತ್ತನ ತಾಯಿ.

‘ಯಾಕೋ, ಹಳೇದು ಕೆಟ್ಟೋಯ್ತಾ?’

‘ಇಲ್ಲಮ್ಮ. ಅದರಲ್ಲಿ ಡೈನಾಮಿಕ್ ರೇಂಜು...’

‘ಎಂಟು ವರ್ಷ ಆಯ್ತು ತಂದು. ಗೋಡೆ ಮೇಲೆ ಅದರಲ್ಲಿ ತೆಗೆದಿದ್ದು ಒಂದೂ ಇಲ್ವಲ್ಲೋ. ನಂದೊಂದು ತೆಗಿ ಅಂದ್ರೆ ಬೆಳಕು ಸರಿಯಿಲ್ಲ ಅಂತೀಯ. ಪೆನ್ಷನ್ ಆಫೀಸಿಗೆ ಕೊನೆಗೆ ಮೂಲೆ ಸ್ಟುಡಿಯೋಗೇ ಹೋಗಿ ತೆಗೆಸ್ಕೊಂಡೆ.’

ಇಷ್ಟು ಬಲವಾದ ಪೂರ್ವಪಕ್ಷ ಇಡೀ ಗ್ರಂಥದಲ್ಲಿ ಇನ್ನೊಂದಿಲ್ಲ. ಉತ್ತರ ಕೊಡಲು ದೇವದತ್ತನಿಗೆ ಆಗಲಿಲ್ಲ, ನಮಗೂ ಆಗಿಲ್ಲ.

ಸಿದ್ಧಾಂತ

ಅಮ್ಮನ ಕೈಗೆ ಸಿಕ್ಕಾಗ ಬಿಟ್ಟರೆ ಆರು ಪ್ರಮಾಣಗಳೂ ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತವೆ, ಹಳೆಯದನ್ನು ಯಾವುದೂ ಕೇಳುವುದಿಲ್ಲ. ಆದ್ದರಿಂದ ಏಳನೆಯದೊಂದನ್ನು ಸೇರಿಸುತ್ತಿದ್ದೇವೆ. ಅದರ ಹೆಸರು ಷಟರ್ ಕೌಂಟ್. ಕ್ಯಾಮೆರಾ ಇದುವರೆಗೆ ಎಷ್ಟು ಸಲ ಕಣ್ಣು ಮಿಟುಕಿಸಿದೆ ಎಂಬ ಲೆಕ್ಕ ನಿಕಾನ್‌ನ ಚಿತ್ರದ ಫೈಲಿನೊಳಗೇ ಕೂತಿರುತ್ತದೆ, ಉಚಿತ ಸಾಫ್ಟ್‌ವೇರುಗಳು ಓದಿ ಹೇಳುತ್ತವೆ. ಡಿ7200ರ ಷಟರ್ 1,50,000 ಸಲಕ್ಕೆ ಪರೀಕ್ಷೆಯಾದದ್ದು. ದೇವದತ್ತ ಎಂಟು ವರ್ಷದಲ್ಲಿ ಒತ್ತಿದ್ದು 14,200 ಸಲ, ಸೋಫಾದ ದಿಂಬುಗಳ ಮೇಲೆ ಲೆನ್ಸ್ ಪರೀಕ್ಷೆ ಮಾಡಿದ್ದೂ ಸೇರಿ. ವರ್ಷಕ್ಕೆ 1,775. ಇದೇ ವೇಗದಲ್ಲಿ ನಡೆದರೆ ಹಳೆಯ ಕ್ಯಾಮೆರಾದ ಷಟರಿಗೆ ಇನ್ನೂ 76 ವರ್ಷ ಆಯಸ್ಸಿದೆ. ಅದು ಮುಗಿಯುವಾಗ ದೇವದತ್ತನಿಗೆ 124.

ತೂಗಲು ಹೊರಟ ಓದುಗರು ತಮ್ಮ ತಮ್ಮ ಸಂಖ್ಯೆ ನೋಡಿಕೊಂಡು ಆಮೇಲೆ ಅಂಗಡಿಯ ದಾರಿ ಹಿಡಿಯಬೇಕೆಂದು ವಿನಂತಿ. ದೇವದತ್ತನ ಸಂಖ್ಯೆ ಈ ಗ್ರಂಥ ಮುಗಿಯುವ ಹೊತ್ತಿಗೆ 14,203 ಆಗಿದೆ. ಮೂರೂ ಅಮ್ಮನವೇ. ಎರಡರಲ್ಲಿ ಕಣ್ಣು ಮುಚ್ಚಿದ್ದಾರೆ. ಮೂರನೆಯದು ಕಟ್ಟು ಹಾಕಿಸಲು ಹೋಗಿದೆ.