ಮಾನ್ಯ ಐವತ್ತು ಮೀಟರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ 50 ಮೀಟರ್ ಅವರಿಗೆ,

ಶಾಲೆ ಗೇಟಿನ ಪಕ್ಕದ ಗೂಡಂಗಡಿಯವನ ನಮಸ್ಕಾರಗಳು.

ತಾವು ಹುಟ್ಟಿದ್ದು 2020ರಲ್ಲಿ, ಆಹಾರ ಸುರಕ್ಷತಾ ಪ್ರಾಧಿಕಾರದ ಮನೆಯಲ್ಲಿ. ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಕೂಡದು ಎಂಬುದು ತಮ್ಮ ಆಜ್ಞೆ. ಜಾರಿಗೆ ಬಂದದ್ದು 2021ರ ಜುಲೈ 1ಕ್ಕೆ. ಆಗ ಕೊರೊನಾ, ನಮ್ಮ ಪ್ರೈಮರಿ ಶಾಲೆಗೆ ಬೀಗ. ಅಕ್ಟೋಬರ್‌ನಲ್ಲಿ ಒಂದನೇ ಕ್ಲಾಸಿನ ಮಕ್ಕಳು ಬರುವವರೆಗೂ ತಮ್ಮ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಆಮೇಲಿನದು ಕೇಳಬೇಡಿ.

ಗೇಟಿನಿಂದ ನನ್ನ ಅಂಗಡಿಗೆ ಹನ್ನೊಂದು ಹೆಜ್ಜೆ. ಒಂದನೇ ಕ್ಲಾಸಿನವರಿಗಾದರೆ ಹದಿನೆಂಟು. ಐದು ರೂಪಾಯಿಯ ಪೊಟ್ಟಣಗಳ ಸರವನ್ನು ಅವರ ಕೈಗೆ ಎಟಕುವಷ್ಟು ಎತ್ತರಕ್ಕೇ ಕಟ್ಟಿದ್ದೇನೆ. ಹಾಗೇ ಕಟ್ಟಬೇಕೆಂದು ಕಂಪನಿಯ ಮಾಲು ಹಾಕಲು ಬರುವ ಹುಡುಗ ಹೇಳಿಕೊಟ್ಟ. ಪೊಟ್ಟಣ ಬಿಚ್ಚಿದರೆ ಅರ್ಧಕ್ಕರ್ಧ ಗಾಳಿ. ಉಳಿದರ್ಧ ತಿಂದು, ಬೆರಳಿಗಂಟಿದ ಕೆಂಪು ಖಾರವನ್ನು ನೆಕ್ಕಿ, ಮಗು ಮತ್ತೆ ಕೈ ಚಾಚುತ್ತದೆ. ನಾನು ಕರೆಯುವುದೇ ಬೇಡ. ಕಾಫಿಪುಡಿ ಮಾರುವವನಿಗೂ ಇಂಥ ನಿಯತ್ತಿನ ಗಿರಾಕಿ ಸಿಗುವುದಿಲ್ಲ ಸ್ವಾಮಿ.

ಇದೇ ಜಾಗದಲ್ಲಿ ನಮ್ಮಮ್ಮ ಗೋಣಿಚೀಲ ಹಾಸಿಕೊಂಡು ನೆಲ್ಲಿಕಾಯಿ, ಎಲಚಿಹಣ್ಣು, ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ‘ಧೂಳು ಬೀಳುತ್ತೆ, ಮಕ್ಕಳಿಗೆ ಕೆಮ್ಮು ಬರುತ್ತೆ’ ಅಂತ ಅಂದಿನ ಹೆಡ್‌ಮಾಸ್ತರರು ಎಬ್ಬಿಸಿ ಕಳಿಸಿದರು. ನನ್ನ ಮಾಲಿನ ಮೇಲೆ ಧೂಳು ಬೀಳುವುದಿಲ್ಲ, ಸೀಲು ಹಾಕಿರುತ್ತದೆ. ಈಗಿನ ಮೇಷ್ಟ್ರು ಮಗನ ಹುಟ್ಟುಹಬ್ಬಕ್ಕೆ ಎರಡು ಸರ ಇಲ್ಲಿಂದಲೇ ಒಯ್ದರು.

ಸರ್ಕಾರಕ್ಕೆ ಕಣ್ಣಿಲ್ಲ ಅನ್ನಲಾರೆ. 2024ರ ಮಾರ್ಚ್‌ನಲ್ಲಿ ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕಕೂಡದು ಅಂದರು. ವಾರದೊಳಗೆ ಗಂಟೆ ಬಾರಿಸುತ್ತ ಬರುತ್ತಿದ್ದವನ ಸದ್ದಡಗಿತು. ಆ ಬಣ್ಣ ಕೆಟ್ಟದ್ದೇ, ನಿಂತದ್ದು ಒಳ್ಳೆಯದೇ. ಆದರೆ ಅವನ ಕೈಯಲ್ಲಿದ್ದದ್ದು ಒಂದು ಗಂಟೆ, ಒಂದು ಕೋಲು. ನನ್ನ ಬೆನ್ನಿಗೆ ಕ್ರಿಕೆಟ್ ಆಟಗಾರರೂ ಸಿನಿಮಾ ನಟರೂ ಟಿವಿಯಲ್ಲಿ ನಗುತ್ತ ನಿಂತಿದ್ದಾರೆ.

ಸರ ಇಳಿಸಿದರೆ ಮಕ್ಕಳು ಮುಂದಿನ ಅಂಗಡಿಗೆ ಹೋಗುತ್ತಾರೆ. ಅದು ಹದಿನೈದನೇ ಹೆಜ್ಜೆ. ಇಬ್ಬರದ್ದೂ ಒಟ್ಟಿಗೆ ಇಳಿಸುವುದಾದರೆ ನಾನು ತಯಾರು. ಅಮ್ಮನ ತಕ್ಕಡಿ ಅಟ್ಟದ ಮೇಲೆ ಇನ್ನೂ ಇದೆ.

ಆದ್ದರಿಂದ ತಾವು ಒಮ್ಮೆ ಖುದ್ದಾಗಿ ಬರಬೇಕು. ಅಳತೆ ಟೇಪು ಇಲ್ಲವೆಂದು ಯೋಚಿಸಬೇಡಿ, ಪಕ್ಕದ ದರ್ಜಿಯ ಹತ್ತಿರ ಒಂದೂವರೆ ಮೀಟರಿನದು ಇದೆ. ನನ್ನ ಅಂಗಡಿಯವರೆಗೆ ಐದಾರು ಸಲ ಇಟ್ಟರೆ ಮುಗಿಯಿತು. ಒಂದು ತುದಿ ನಾನೇ ಹಿಡಿದುಕೊಳ್ಳುತ್ತೇನೆ. ನಾಲ್ಕು ಗಂಟೆಯ ಒಳಗೆ ಬನ್ನಿ. ಬೆಲ್ ಹೊಡೆದ ಮೇಲೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇಂತಿ,
ಹನ್ನೊಂದನೇ ಹೆಜ್ಜೆಯ ಅಂಗಡಿಯವ