‘ಹೆಲ್ ನೈಟ್’: ಪ್ರವೇಶಭಯಮೀಮಾಂಸೆಗೊಂದು ಪೂರ್ವಪೀಠಿಕೆಯ ಪೂರ್ವಪೀಠಿಕೆ

ಸಿನಿಮಾವನ್ನು ಸುಮ್ಮನೆ ನೋಡಿ ಎದ್ದು ಬರುವುದು ಪಾಮರರ ಲಕ್ಷಣ. ವಿದ್ವಾಂಸರು ಮೊದಲು ಅದನ್ನು ‘ಪಠ್ಯ’ ಎನ್ನುತ್ತಾರೆ, ಆಮೇಲೆ ‘ಸಂಕಥನ’ ಎನ್ನುತ್ತಾರೆ, ಕೊನೆಗೆ ಅದು ಏನೆಂದು ಯಾರಿಗೂ ತಿಳಿಯದಂತಾದಾಗ ವಿಚಾರಸಂಕಿರಣ ಏರ್ಪಡಿಸುತ್ತಾರೆ. ಪ್ರಸ್ತುತ ಪ್ರಬಂಧಕ್ಕೆ ಒದಗಿರುವ ಪಠ್ಯ ಟಾಮ್ ಡಿಸಿಮೋನ್ ನಿರ್ದೇಶಿಸಿದ, 1981ರ ‘ಹೆಲ್ ನೈಟ್’ ಎಂಬ ಅಮೆರಿಕದ ಅಗ್ಗದ ಭಯದ ಚಿತ್ರ. ‘ದಿ ಎಕ್ಸಾರ್ಸಿಸ್ಟ್’ನಲ್ಲಿ ದೆವ್ವ ಹಿಡಿಸಿಕೊಂಡಿದ್ದ ಲಿಂಡಾ ಬ್ಲೇರ್ ಇಲ್ಲಿ ಮಾರ್ಟಿ ಎಂಬ ಕಾಲೇಜು ಹುಡುಗಿ. ಆಲ್ಫಾ ಸಿಗ್ಮಾ ರೋ ಎಂಬ ವಿದ್ಯಾರ್ಥಿ ಕೂಟ ಅಥವಾ ಫ್ರಟರ್ನಿಟಿಗೆ ಸೇರಬಯಸುವ ನಾಲ್ವರು ಹೊಸಬರು ಗಾರ್ತ್ ಮೇನರ್ ಎಂಬ ಪಾಳು ಬಂಗಲೆಯಲ್ಲಿ ಒಂದು ರಾತ್ರಿ ಕಳೆಯಬೇಕು. ಹಿಂದೊಮ್ಮೆ ಮನೆಯ ಯಜಮಾನ ಹೆಂಡತಿ ಮಕ್ಕಳನ್ನು ಕೊಂದ ಜಾಗ ಅದು. ಹಿರಿಯರು ಗೇಟಿಗೆ ಬೀಗ ಜಡಿದು, ಹೊಸಬರನ್ನು ಬೆಚ್ಚಿಬೀಳಿಸಲು ಒಳಗೆ ಸ್ಪೀಕರುಗಳನ್ನು ಅಡಗಿಸಿಟ್ಟಿದ್ದಾರೆ. ನಿಜವಾದ ಕೊಲೆಗಾರನೂ ಒಳಗೇ ಇದ್ದಾನೆ. ಕಥೆ ಇಷ್ಟೇ. ಇಷ್ಟನ್ನೇ ಹೇಳಿ ಸುಮ್ಮನಾದರೆ ಯಾವ ಪೀಠವೂ ಪದವಿ ಕೊಡುವುದಿಲ್ಲ.

ಆದ್ದರಿಂದ ವರ್ಗೀಕರಣ ಅನಿವಾರ್ಯ. ಪ್ರವೇಶಭಯವು ಸ್ಥೂಲವಾಗಿ ಹದಿನೇಳು ಬಗೆ. ಮೊದಲನೆಯದು ಪರಕಲ್ಪಿತೋಪಕರಣಜನ್ಯ ಭಯ, ಎಂದರೆ ಸ್ಪೀಕರಿನದು. ಎರಡನೆಯದು ಅಕಲ್ಪಿತೋಪಸ್ಥಿತಜನ್ಯ ಭಯ, ಎಂದರೆ ಕೊಲೆಗಾರನದು. ಮೂರನೆಯದು ಇವೆರಡರ ನಡುವೆ ತೂಗಾಡುವ ಉಭಯಸಂಶಯಜನ್ಯ ಹೊಸ್ತಿಲುಭಯ. 1909ರಲ್ಲಿ ಆರ್ನಲ್ಡ್ ವಾನ್ ಜೆನೆಪ್ ದೀಕ್ಷಾಸಂಸ್ಕಾರಗಳಲ್ಲಿ ಬೇರ್ಪಡುವುದು, ಹೊಸ್ತಿಲ ಮೇಲೆ ನಿಲ್ಲುವುದು, ಒಳಸೇರುವುದು ಎಂಬ ಮೂರು ಘಟ್ಟಗಳನ್ನು ಗುರುತಿಸಿದರು. ಅಂದಿನಿಂದ ಯಾವ ಬಾಗಿಲು ಕಂಡರೂ ವಿದ್ವಾಂಸರು ಅದರ ಹೊಸ್ತಿಲ ಮೇಲೆಯೇ ಕೂತುಬಿಡುತ್ತಾರೆ, ಒಳಗೆ ಹೋಗುವವರು ಅವರನ್ನು ದಾಟಿಕೊಂಡು ಹೋಗಬೇಕು. ಚಿತ್ರದ ಕೊನೆಯಲ್ಲಿ ಮಾರ್ಟಿ ಕಾರನ್ನು ನುಗ್ಗಿಸಿ ಕೊಲೆಗಾರನನ್ನು ಆ ಗೇಟಿನ ಭರ್ಜಿಗಳಿಗೇ ಚುಚ್ಚಿಸುವುದನ್ನು ‘ಹೊಸ್ತಿಲಿನ ಪ್ರತಿರೋಧಾತ್ಮಕ ನಿರಚನೆ’ ಎಂದು ಓದಲು ಧಾರಾಳವಾಗಿ ಅವಕಾಶವಿದೆ. ಅವಳು ಮೆಕ್ಯಾನಿಕ್‌ನ ಮಗಳು, ಕಾರು ರಿಪೇರಿ ಬಲ್ಲವಳು, ಅದಕ್ಕೇ ಬದುಕಿದಳು ಎಂದೂ ಓದಬಹುದು. ಆದರೆ ಈ ಎರಡನೆಯ ಓದು ತೀರಾ ಅರ್ಥವಾಗುವುದರಿಂದ ಅಂಗೀಕಾರಾರ್ಹವಲ್ಲ. ಭಯದ ಉಳಿದ ಹದಿನಾಲ್ಕು ಬಗೆಗಳನ್ನು ವಾಚಕರು ತಾವೇ ಊಹಿಸಿಕೊಳ್ಳಬೇಕು. ಪ್ರಬಂಧಕಾರನಿಗೆ ಅವು ಬೇಸರ ತಂದಿವೆ.

ಈ ಜಾತಿಯ ಚಿತ್ರಗಳಲ್ಲಿ ರಾಕ್ಷಸ ಯಾಕೆ ಬರುತ್ತಾನೆ ಎಂಬುದೇ ನಿಜವಾದ ಪ್ರಶ್ನೆ. ಖರ್ಚು ಉಳಿಸಲು ಎಂಬುದು ಮೇಲ್ನೋಟದ ಉತ್ತರ: ಒಂದು ಮನೆ, ಒಂದು ರಾತ್ರಿ, ಕತ್ತಲೆಗಂತೂ ಬಾಡಿಗೆಯಿಲ್ಲ. ಆದರೆ ರಾಕ್ಷಸ ಉಳಿಸುವುದು ದುಡ್ಡನ್ನಷ್ಟೇ ಅಲ್ಲ, ಹಿರಿಯರನ್ನು ಕೂಡ. ಅವನು ಬಂದೊಡನೆ ಬೀಗ ಹಾಕಿದವರೂ ಬಲಿಪಶುಗಳ ಸಾಲಿಗೆ ಸೇರುತ್ತಾರೆ. ಕೂಟದ ಅಧ್ಯಕ್ಷ ಪೀಟರ್ ಕೂಡ ಅವನ ಕೈಯಲ್ಲೇ ಸಾಯುತ್ತಾನೆ. ಲೆಕ್ಕ ಚುಕ್ತಾ ಆಯಿತೆಂದು ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಪಾಲ್ ಝಿಲ್ಲರ್ ನಿರ್ದೇಶನದ 1990ರ ‘ಪ್ಲೆಜ್ ನೈಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಹಿಂದೊಮ್ಮೆ ದೀಕ್ಷೆಯ ಹೆಸರಿನಲ್ಲಿ ಆಮ್ಲದ ತೊಟ್ಟಿಗೆ ಬಿದ್ದು ಸತ್ತ ಹುಡುಗನೇ ಪಿಶಾಚಿಯಾಗಿ ಮರಳುತ್ತಾನೆ. ಸತ್ತವನಿಗೇ ಕೊಲೆಗಾರನ ಪಟ್ಟ! ಇದಕ್ಕಿಂತ ಚೊಕ್ಕಟವಾದ ಖುಲಾಸೆಯನ್ನು ಯಾವ ವಕೀಲ ತಾನೇ ತಂದುಕೊಟ್ಟಾನು?

ಇಲ್ಲೊಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕಷ್ಟ ಕೊಟ್ಟು ಸೇರಿಸಿಕೊಂಡರೆ ಬಂಧುತ್ವ ಗಟ್ಟಿಯಾಗುತ್ತದೆ, ಇದು ವಿಜ್ಞಾನ ಎನ್ನುವವರಿದ್ದಾರೆ. ಅವರ ಆಧಾರ ಆರಾನ್‌ಸನ್ ಮತ್ತು ಮಿಲ್ಸ್ 1959ರಲ್ಲಿ ಪ್ರಕಟಿಸಿದ ಪ್ರಯೋಗ. ಚರ್ಚಾಗುಂಪೊಂದಕ್ಕೆ ಸೇರಲು ಬಂದ ಕೆಲವು ವಿದ್ಯಾರ್ಥಿನಿಯರಿಂದ ಅಶ್ಲೀಲ ಪದಗಳನ್ನು ಗಟ್ಟಿಯಾಗಿ ಓದಿಸಿ, ಬೇಕೆಂದೇ ನೀರಸವಾಗಿ ಮಾಡಿದ ಚರ್ಚೆಯೊಂದನ್ನು ಕೇಳಿಸಲಾಯಿತು. ಹೆಚ್ಚು ನಾಚಿಕೆ ಪಟ್ಟವರಿಗೇ ಆ ಚರ್ಚೆ ಹೆಚ್ಚು ಸ್ವಾರಸ್ಯವೆನಿಸಿತು. ಒಪ್ಪೋಣ. ಆದರೆ ಈ ಪ್ರಯೋಗದಿಂದ ಗುಂಪು ಒಳ್ಳೆಯದಾಯಿತೆಂದು ಸಾಬೀತಾಗಲಿಲ್ಲ; ಅವಮಾನಪಟ್ಟವರಿಗೆ ಸಪ್ಪೆಯೂ ರುಚಿಯಾಗಿ ಕಾಣುತ್ತದೆಂದಷ್ಟೇ ತಿಳಿಯಿತು. (ವಿಚಾರಸಂಕಿರಣಗಳ ಜನಪ್ರಿಯತೆಗೂ ಇದೇ ಕಾರಣವಿರಬಹುದು.) ಇನ್ನು ಕೆಲವರು, ಮನರಂಜನೆಯ ಚಿತ್ರವೊಂದರಿಂದ ಇಷ್ಟೆಲ್ಲ ಯಾಕೆ ಕೇಳುತ್ತೀರಿ ಎನ್ನಬಹುದು. ಕೇಳುವುದಕ್ಕೆ ಕಾರಣ ಆ ಚಿತ್ರದಲ್ಲೇ ಇದೆ. ಸೇತ್ ಎಂಬ ಹುಡುಗ ಗೇಟು ಹತ್ತಿ ಹಾರಿ ಪೊಲೀಸ್ ಠಾಣೆಗೆ ಓಡುತ್ತಾನೆ. ಅವನು ಹೇಳಿದ್ದನ್ನು ಪೊಲೀಸರು ನಂಬುವುದಿಲ್ಲ. ಇವತ್ತು ಹುಡುಗರ ಚೇಷ್ಟೆಯ ರಾತ್ರಿ, ಇದೂ ಅಂಥದ್ದೇ ಒಂದು ಎಂದು ಅವನನ್ನು ಸಾಗಹಾಕುತ್ತಾರೆ. ಇಡೀ ಚಿತ್ರದಲ್ಲಿ ರಾಕ್ಷಸನ ಅಗತ್ಯವೇ ಇಲ್ಲದ ಭಯ ಇದೊಂದೇ. ನಮ್ಮ ಹದಿನೇಳು ಬಗೆಗಳಲ್ಲಿ ಇದಕ್ಕೆ ಜಾಗವಿಲ್ಲ.

ಯಾಕೆಂದರೆ ವಾಸ್ತವದಲ್ಲಿ ನಡೆಯುವುದು ಹೀಗೆಯೇ. 2017ರ ಫೆಬ್ರುವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಕೂಟದ ಮನೆಯಲ್ಲಿ, ಹೊಸಬರನ್ನು ಬರಮಾಡಿಕೊಳ್ಳುವ ರಾತ್ರಿ, ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕಂಠಮಟ್ಟ ಕುಡಿಸಿಕೊಂಡು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿಬಿದ್ದ. ಎತ್ತಿ ತಂದು ಸೋಫಾದ ಮೇಲೆ ಮಲಗಿಸಿದರು. ಅಂಗಾತ ಹೊರಳಿ ವಾಂತಿಯಲ್ಲಿ ಉಸಿರುಕಟ್ಟಬಾರದೆಂದು ಪುಸ್ತಕ ತುಂಬಿದ ಚೀಲವೊಂದನ್ನು ಬೆನ್ನಿಗೆ ಕಟ್ಟಿದರು. ಉಸಿರುಕಟ್ಟಬಹುದೆಂಬುದು ಅವರಿಗೆ ಗೊತ್ತಿತ್ತು ಎಂದಾಯಿತು. ಚೀಲ ಕಟ್ಟುವುದಕ್ಕೆ ಕೈ ಬಂತು, ಫೋನ್ ಎತ್ತುವುದಕ್ಕೆ ಬರಲಿಲ್ಲ. ಆಂಬುಲೆನ್ಸಿಗೆ ಕರೆ ಹೋಗುವ ಹೊತ್ತಿಗೆ ಸುಮಾರು ಹನ್ನೆರಡು ಗಂಟೆ ಕಳೆದಿತ್ತು. ಹುಡುಗ ಉಳಿಯಲಿಲ್ಲ. ಇವೆಲ್ಲ ಆ ಮನೆಯ ಭದ್ರತಾ ಕ್ಯಾಮೆರಾಗಳಲ್ಲಿ ದಾಖಲಾಗಿವೆ. ನಿರ್ದೇಶಕ ಇರಲಿಲ್ಲ, ಮೇಕಪ್ ಇರಲಿಲ್ಲ, ಇದಕ್ಕಿಂತ ಕಡಿಮೆ ಬಜೆಟ್ಟಿನ ಭಯದ ಚಿತ್ರ ಇನ್ನೊಂದಿಲ್ಲ. ಇದರಲ್ಲಿ ಯಾವ ‘ದೇಹರಾಜಕಾರಣದ ಸಂಕಥನ’ವನ್ನು ಹುಡುಕುವುದು? ಆ ಮನೆಯಲ್ಲಿ ಕೊಡಲಿ ಹಿಡಿದವನು ಯಾರೂ ಇರಲಿಲ್ಲ. ಇದ್ದವರು ಗೆಳೆಯರು, ಒಬ್ಬರನ್ನೊಬ್ಬರು ಅಣ್ಣತಮ್ಮಂದಿರೆಂದು ಕರೆದುಕೊಳ್ಳುವವರು. ನಮ್ಮ ಕಾಲೇಜುಗಳು ರ್‍ಯಾಗಿಂಗ್ ಎನ್ನುವುದೂ ಇದೇ ನಂಟಿನದು. ಅಲ್ಲಿಯೂ ಮೊದಲು ಕೇಳಿಬರುವ ಮಾತು ‘ತಮಾಷೆಗೆ ಮಾಡಿದ್ದು’ ಎಂಬುದೇ.

ಅಡಿಟಿಪ್ಪಣಿ ಬರೆಯುವ ಉತ್ಸಾಹ ಪ್ರಬಂಧಕಾರನಿಗೆ ಇನ್ನು ಉಳಿದಿಲ್ಲ. ಎರಡು ಇಸವಿ ಹೇಳಿದರೆ ಸಾಕು. 1873ರ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕೂಟವೊಂದರ ದೀಕ್ಷೆಯ ರಾತ್ರಿ ಕಂದರಕ್ಕೆ ಬಿದ್ದು ಸತ್ತ. ಇಂಥ ಪ್ರಕರಣಗಳ ಲೆಕ್ಕವನ್ನು ಕಾಲೇಜುಗಳು ಬಹಿರಂಗವಾಗಿ ಒಪ್ಪಿಸಲೇಬೇಕೆನ್ನುವ ಒಕ್ಕೂಟ ಸರ್ಕಾರದ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ.